ಮೂವತ್ನಾಲ್ಕು ಮೇಷ್ಟ್ರ ಕಪಾಟು, ನನ್ನ ತಮ್ಮನ ಕಿವಿ

ನನ್ನ ತಮ್ಮನ ಕಿವಿ ದೊಡ್ಡದು. ಎಷ್ಟು ದೊಡ್ಡದೆಂದರೆ, ಗಾಳಿ ಜೋರಾಗಿ ಬೀಸುವ ದಿನ ಅವನು ಸೈಕಲ್ಲು ಹತ್ತಿದರೆ ತುಳಿಯಬೇಕಾಗಿಲ್ಲ, ಹ್ಯಾಂಡಲ್ ಹಿಡಿದರೆ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದ ಅನಾಹುತಕ್ಕೆಲ್ಲ ಸಾಕ್ಷಿಯಾಗಿ ಉಳಿದದ್ದು ಆ ಕಿವಿಯೊಂದೇ.

ಅವನು ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಮಾಡಿ ನಿವೃತ್ತನಾದ. ಮೀಟರ್ ಬಿಟ್ಟು ಬೇರೇನನ್ನೂ ಓದಿದವನಲ್ಲ. ಅಂಥವನನ್ನು ಪುಸ್ತಕದಂಗಡಿಗೆ ಕರೆದುಕೊಂಡು ಹೋದವಳು ನಾನೇ. ಹಳೇ ಬಸ್ ಡಿಪೋದ ಹಿಂದೆ ಉದ್ದನೆಯ ಒಂದು ಕೋಣೆಯಲ್ಲಿ ನಮ್ಮ ಅಂಗಡಿ. ಜನ ತಮಗೆ ಬೇಡವಾದ ಪುಸ್ತಕಗಳನ್ನು ದಾನ ಕೊಡುತ್ತಾರೆ. ನಾವು ಧೂಳು ಹೊಡೆದು, ಹರಿದದ್ದಕ್ಕೆ ಅಂಟು ಹಚ್ಚಿ, ಕಪಾಟಿನಲ್ಲಿ ಜೋಡಿಸಿ ಮಾರುತ್ತೇವೆ. ಬಂದದ್ದು ಆಸ್ಪತ್ರೆಯ ಬಡ ರೋಗಿಗಳ ಔಷಧಿಗೆ. ನಮಗ್ಯಾರಿಗೂ ಸಂಬಳವಿಲ್ಲ. ಸಂಬಳ ಇಲ್ಲದ ಕಡೆ ಅಧಿಕಾರಕ್ಕೆ ಎಷ್ಟು ಕಿತ್ತಾಟ ಇರುತ್ತದೆ ಎಂಬುದನ್ನು ನೋಡಬೇಕಾದರೆ ಅಲ್ಲಿಗೆ ಬನ್ನಿ.

ಅಧ್ಯಕ್ಷೆ ಹಲ್ಲಿನ ಡಾಕ್ಟರಮ್ಮ. ಎದುರಿಗಿರುವವರು ಬಾಯಿ ತೆರೆದಿರಬೇಕು, ಆದರೆ ಮಾತಾಡಬಾರದು. ಅದು ಅವರಿಗೆ ವೃತ್ತಿಯಿಂದ ಬಂದ ಅಭ್ಯಾಸ. ಯಾವ ಗಳಿಗೆಯಲ್ಲಿ ಏನು ತೋಚಿತೋ, ನನ್ನ ತಮ್ಮನಿಗೆ 'ಕಪಾಟು ಮೇಲ್ವಿಚಾರಕ' ಎಂದು ಒಂದು ಬ್ಯಾಜ್ ಕೊಟ್ಟುಬಿಟ್ಟರು. ಅವನು ಅದನ್ನು ಅಂಗಿಗೆ ಚುಚ್ಚಿಕೊಂಡ, ಸ್ವೆಟರಿಗೆ ಚುಚ್ಚಿಕೊಂಡ. ಸ್ನಾನಕ್ಕೆ ಹೋಗುವಾಗ ಟವೆಲಿಗೂ ಚುಚ್ಚಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಮೊದಲ ವಾರವೇ ಅಷ್ಟೂ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟ. ಬಾಣಂತಿ ಆರೈಕೆಯ ಪಕ್ಕದಲ್ಲಿ ಎಮ್ಮೆ ಸಾಕಣೆ ಬಂದು ಕೂತಿತು. ಮೊದಲ ಮಗುವಿನ ಅಪ್ಪನೊಬ್ಬ ಅವಸರದಲ್ಲಿ ಎಮ್ಮೆಯದನ್ನೇ ಎತ್ತಿಕೊಂಡು ಹೋಗಿ, ಮನೆಯಲ್ಲಿ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದನಂತೆ. ಆಮೇಲೆ ಆ ಹುಡುಗಿ ಬಂದು ಅಂಗಡಿಯ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ.

"ಇನ್ನೊಂದೇ ಒಂದು ಎಡವಟ್ಟು ಆಗ್ಲಿ," ಅಂದರು ಡಾಕ್ಟರಮ್ಮ, "ಬ್ಯಾಜ್ ಕಿತ್ಕೋತೀನಿ."

ದವಡೆ ಹಲ್ಲು ಕಿತ್ತ ಕೈ. ಬ್ಯಾಜ್ ಕೀಳುವುದು ಎಷ್ಟರ ಮಾತು! ತಮ್ಮನಿಗೆ ಅಂದಿನಿಂದ ಅನ್ನ ಸೇರಲಿಲ್ಲ. ನಗಬೇಡಿ. ಹುಟ್ಟಿದಾಗಿನಿಂದ ಅವನ ಕೈಗೆ ಯಾರೂ ಏನನ್ನೂ ಒಪ್ಪಿಸಿರಲಿಲ್ಲ. ಹಾಲು ಉಕ್ಕದ ಹಾಗೆ ನೋಡಿಕೋ ಎಂದು ಕೂಡ ಮನೆಯಲ್ಲಿ ಯಾರೂ ಅವನಿಗೆ ಹೇಳುತ್ತಿರಲಿಲ್ಲ.

ಈಗ ನಮ್ಮ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಒಂದೆರಡು ಪುಸ್ತಕ ಬಂದರೆ ಓದಿ ಮುಗಿಸಿದವರದ್ದು. ಚೀಲ ತುಂಬ ಬಂದರೆ ಮನೆ ಬದಲಾಯಿಸಿದವರದ್ದು. ಇಡೀ ಕಪಾಟೇ ಬಂದರೆ ಆ ಮನೆಯಲ್ಲಿ ಯಾರೋ ಹೋಗಿದ್ದಾರೆ ಎಂದರ್ಥ. ಯಾರು, ಏನು ಎಂದು ನಾವು ಕೇಳುವುದಿಲ್ಲ. ಕೇಳಿದರೆ ತಂದವರು ಅಳುತ್ತಾರೆ, ಅವರನ್ನು ನೋಡಿ ನಾವು ಅಳುತ್ತೇವೆ, ಅಂಗಡಿ ಮುಚ್ಚಬೇಕಾಗುತ್ತದೆ. ಸುಮ್ಮನೆ ಕುರ್ಚಿ ಕೊಟ್ಟು, ನೀರು ಕೊಟ್ಟು ಕಳಿಸುತ್ತೇವೆ. ಆಮೇಲೆ ಆ ಪುಸ್ತಕಗಳನ್ನೆಲ್ಲ ಒಂದೇ ಕಡೆ ಇಟ್ಟು, ಮೇಲೆ ಹೋದವರ ಹೆಸರಿನ ನೆನಪಿನ ಚೀಟಿ ಅಂಟಿಸುತ್ತೇವೆ.

ಒಂದು ದಿನ ಬಾಗಿಲಿಗೆ ಗಾಡಿಯೊಂದು ಬಂತು. ಅದರ ತುಂಬ ಪುಸ್ತಕ. ಅವುಗಳ ಮಧ್ಯೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಕೂತವಳು ಹೆಡ್‌ಮೇಷ್ಟ್ರ ಸೊಸೆ.

ಹೆಡ್‌ಮೇಷ್ಟ್ರು ಎಂದರೆ ನಮ್ಮೂರಿನ ಅರ್ಧ ಜನಕ್ಕೆ ಇವತ್ತಿಗೂ ಕಾಲು ನಡುಗುತ್ತದೆ. ಪಾಸಾಗಲು ಮೂವತ್ತೈದು ಬೇಕಿದ್ದಾಗ ಮೂವತ್ನಾಲ್ಕು ಕೊಟ್ಟು ಕೂರಿಸುವುದು ಅವರ ಅಭ್ಯಾಸ. ಅದಕ್ಕೇ ಊರೆಲ್ಲ ಅವರನ್ನು ಬೆನ್ನ ಹಿಂದೆ 'ಮೂವತ್ನಾಲ್ಕು ಮೇಷ್ಟ್ರು' ಎನ್ನುತ್ತಿತ್ತು. ನನ್ನ ತಮ್ಮನೂ ಮೂವತ್ನಾಲ್ಕರಲ್ಲಿ ಸಿಕ್ಕಿಕೊಂಡವನೇ. ಆ ಒಂದು ಮಾರ್ಕಿಗೆ ಅದೇ ಬೆಂಚಿನ ಮೇಲೆ ಇನ್ನೊಂದು ವರ್ಷ ಕೂತ. ಮೇಷ್ಟ್ರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರಂತೆ ಎಂಬ ಸುದ್ದಿ ಆಗಲೇ ಊರಲ್ಲಿತ್ತು. ಅದರ ಬೆನ್ನಿಗೇ ಕಪಾಟು ಬಂತು. ಇನ್ನೇನು ಬೇಕು?

ಸೊಸೆ ಮಾತಾಡಲು ಬಾಯಿ ತೆರೆದಳು. ಮಾತು ಬರಲಿಲ್ಲ, ಸೀನು ಬಂತು. ಮತ್ತೆ ತೆರೆದಳು, ಮತ್ತೆ ಸೀನಿದಳು. ನನ್ನ ತಮ್ಮ ಎರಡೂ ಕೈ ಎತ್ತಿ, "ಬೇಡಮ್ಮಾ, ಏನೂ ಹೇಳ್ಬೇಡಿ. ನಮಗೆ ಅರ್ಥ ಆಗತ್ತೆ," ಎಂದು ಕುರ್ಚಿ ಕೊಟ್ಟ, ನೀರು ಕೊಟ್ಟ. ಅವಳು ನೀರು ಕುಡಿದು, ಇನ್ನೊಮ್ಮೆ ಸೀನಿ, ಹೋದಳು.

ಪುಸ್ತಕ ತೆರೆದು ನೋಡುತ್ತೇವೆ, ಪುಟಪುಟಕ್ಕೂ ಕೆಂಪು ಶಾಯಿ! ಅಚ್ಚಾದ ಪುಸ್ತಕಗಳನ್ನೇ ಮೇಷ್ಟ್ರು ತಿದ್ದಿದ್ದರು. 'ಸುಳ್ಳು.' 'ಇದನ್ನು ಆಗಲೇ ಹೇಳಿಯಾಯಿತು.' 'ನಾಯಕ ಮೂರ್ಖ.' ಕೊನೆಯ ಪುಟದಲ್ಲಿ ನೂರಕ್ಕೆ ಇಷ್ಟು ಎಂದು ಮಾರ್ಕು. ಮೂವತ್ನಾಲ್ಕು ದಾಟಿದ ಪುಸ್ತಕ ಒಂದೂ ಇರಲಿಲ್ಲ.

ತಮ್ಮ ತನ್ನ ಕೈಯಾರೆ ನೆನಪಿನ ಚೀಟಿ ಬರೆದ: 'ಪ್ರೀತಿಯ ಮೇಷ್ಟ್ರ ನೆನಪಿಗೆ. ಶಾಂತ ಸ್ವಭಾವದವರು. ಮಕ್ಕಳ ಮೇಲೆ ಕೈ ಎತ್ತಿದವರಲ್ಲ.' ಅದಕ್ಕೊಂದು ಫೋಟೋ ಬೇಕೆನಿಸಿತು. ಮನೆಯಲ್ಲಿದ್ದ ಶಾಲೆಯ ಗುಂಪಿನ ಫೋಟೋದಿಂದ ಮೇಷ್ಟ್ರೊಬ್ಬರನ್ನೇ ಕತ್ತರಿಸಿ ತೆಗೆದ. ಫೋಟೋ ಹೊಡೆಯುವ ಹೊತ್ತಿಗೆ ಇವನು ಕಿಸಕ್ಕೆಂದಿದ್ದನಂತೆ. ಮೇಷ್ಟ್ರ ಬಲಗೈ ಇವನ ಕಿವಿಯ ಮೇಲಿತ್ತು. ಹಾಗಾಗಿ ಕತ್ತರಿಸಿದ ಮೇಲೂ ಮೇಷ್ಟ್ರ ಕೈಯಲ್ಲಿ ಒಂದು ಕಿವಿ ಉಳಿಯಿತು.

"ಕಿವೀನೂ ಕತ್ತರಿಸೋ," ಅಂದೆ.

"ಮೇಷ್ಟ್ರ ಬೆರಳು ಹೋಗ್ತವೆ ಅಕ್ಕಾ."

"ಮತ್ತೆ ಕೈ ಎತ್ತಿದವರಲ್ಲ ಅಂತ ಬರ್ದಿದೀಯ? ಕೈ ಎತ್ತದೆ ಕಿವಿ ತಾನಾಗೇ ಹೋಗಿ ಸಿಕ್ಕಿಕೊಂಡಿತಾ?"

"ಸತ್ತವರ ಬಗ್ಗೆ ಒಳ್ಳೇದು ಬರೀಬೇಕು ಅಕ್ಕಾ. ನೀನು ಸುಮ್ನಿರು."

ಸುದ್ದಿ ಹಬ್ಬಿತು. ಜನ ಬಂದರು ಎಂದರೆ, ಬಸ್ ಡಿಪೋ ನಡೆಯುತ್ತಿದ್ದ ಕಾಲದಲ್ಲೂ ಅಲ್ಲಿ ಅಷ್ಟು ಜನ ಸೇರಿರಲಿಲ್ಲ. ಮೂವತ್ನಾಲ್ಕು ತಗೊಂಡವರೆಲ್ಲ ಬಂದರು. ಮೇಷ್ಟ್ರು ತಮಗೆ ಮಾತ್ರವಲ್ಲ, ದೊಡ್ಡ ದೊಡ್ಡ ಪಂಡಿತರಿಗೂ ಅಷ್ಟೇ ಕೊಟ್ಟಿದ್ದಾರೆಂದು ನೋಡಿ ಅವರಿಗೆ ಜನ್ಮದ ಭಾರ ಇಳಿದ ಹಾಗಾಯಿತು. ಒಬ್ಬೊಬ್ಬರೂ ಒಂದೊಂದು ಪುಸ್ತಕ ಎತ್ತಿಕೊಂಡು ಹೋದರು. ಕ್ಷೌರದ ಅಂಗಡಿಯವನು ದಪ್ಪನೆಯದೊಂದು ತಗೊಂಡು, ದಿನಾ ಗಿರಾಕಿಗಳ ಮುಖಕ್ಕೆ ಸೋಪು ಹಚ್ಚಿಟ್ಟು ಓದಿ ಹೇಳತೊಡಗಿದ. ಕಪಾಟು ಖಾಲಿಯಾಯಿತು.

ಡಾಕ್ಟರಮ್ಮ ತಮ್ಮನ ಬೆನ್ನು ತಟ್ಟಿ, "ಭಾನುವಾರ ಇಲ್ಲೇ ಶ್ರದ್ಧಾಂಜಲಿ ಸಭೆ ಮಾಡೋಣ. ನೀವೇ ಮಾತಾಡ್ಬೇಕು," ಅಂದರು. ತಮ್ಮನ ಕಿವಿಗಳು ಸಂತೋಷಕ್ಕೆ ಇನ್ನೂ ಸ್ವಲ್ಪ ಅಗಲವಾದವು.

ಶುಕ್ರವಾರ ಆಸ್ಪತ್ರೆಯ ವಾರ್ಡುಗಳಿಗೆ ಪುಸ್ತಕದ ಟ್ರಾಲಿ ತಳ್ಳಿಕೊಂಡು ಹೋಗುವುದು ನಮ್ಮಿಬ್ಬರ ಪಾಳಿ. ಮೂಳೆ ವಾರ್ಡಿನ ಕೊನೆಯ ಮಂಚದಿಂದ ಒಂದು ಗುಡುಗು ಕೇಳಿಸಿತು.

"ಯಾರದು ಗಾಡಿ ಕಿರ್ ಕಿರ್ ಅನ್ನಿಸ್ತಿರೋದು? ಎಣ್ಣೆ ಬಿಡೋಕೆ ಬರಲ್ವಾ?"

ತಮ್ಮ ನಿಂತಲ್ಲೇ ನಿಂತ. ಕಾಲಿಗೆ ಕಂಬದಷ್ಟು ದಪ್ಪ ಬ್ಯಾಂಡೇಜು ಕಟ್ಟಿಕೊಂಡು, ದಿಂಬಿಗೊರಗಿ, ಸಾಕ್ಷಾತ್ ಹೆಡ್‌ಮೇಷ್ಟ್ರು ಕೂತಿದ್ದರು!

"ಅಕ್ಕಾ," ಎಂದು ತಮ್ಮ ನನ್ನ ಸೆರಗು ಹಿಡಿದುಕೊಂಡ, "ನಿಂಗೂ ಕಾಣಿಸ್ತಿದಾರಾ?"

"ಕಾಣಿಸೋದೇನು, ಬೈತಾನೂ ಇದಾರೆ. ಬದುಕಿರೋರೇ ಕಣೋ."

ಬಿದ್ದಾಗ ಕನ್ನಡಕ ಒಡೆದುಹೋಗಿತ್ತಂತೆ, ಮೇಷ್ಟ್ರಿಗೆ ನಮ್ಮ ಗುರುತು ಸಿಗಲಿಲ್ಲ. ನಾನೇ ಧೈರ್ಯ ಮಾಡಿ, "ಹೇಗಿದೀರಿ ಮೇಷ್ಟ್ರೇ?" ಅಂದೆ.

"ಮೆಟ್ಟಿಲ ಮೇಲಿಂದ ಬಿದ್ದು ಮಂಡಿ ಹೋಯ್ತಮ್ಮ. ಹೊಸದು ಹಾಕಿದಾರೆ. ಭಾನುವಾರ ಮನೆಗೆ ಕಳಿಸ್ತಾರೆ." ಆಮೇಲೆ ದನಿ ಇಳಿಸಿದರು. ಅವರ ದನಿ ಇಳಿಯಬಲ್ಲದು ಎಂಬುದೇ ನನಗೆ ಗೊತ್ತಿರಲಿಲ್ಲ. "ಮನೆಗೆ ಹೋಗಿ ನನ್ನ ಕಪಾಟಿನ ಮುಂದೆ ಕೂತ್ಕೊಂಡ್ರೆ ಸಾಕು. ನನ್ನ ಜೊತೆ ಮಾತಾಡೋರು ಅಂತ ಉಳಿದಿರೋದು ಅವೇ. ನಾನು ಬೈದ್ರೂ ಎದ್ದು ಹೋಗಲ್ಲ ನೋಡಿ."

ತಮ್ಮ ಆಗಲೇ ಟ್ರಾಲಿಯ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ.

ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ಸೊಸೆ ಫ್ಲಾಸ್ಕ್ ಹಿಡಿದುಕೊಂಡು ನಮ್ಮನ್ನು ತಡೆದಳು. "ಅಮ್ಮಾ, ಮಾವನಿಗೆ ಹೇಳಿಬಿಟ್ರಾ? ಅವರಿಗೆ ಇನ್ನು ಮಹಡಿ ಹತ್ತೋಕಾಗಲ್ಲ. ಕೆಳಗಡೆ ಮಂಚ ಹಾಕೋಕೆ ಆ ಕಪಾಟು ತೆಗೀಲೇಬೇಕಾಯ್ತು. ನಿಧಾನಕ್ಕೆ ಹೇಳೋಣ ಅಂತಿದ್ದೆ. ಈಗ ನೋಡಿದ್ರೆ ದಿನಾ ಅದೇ ಕನವರಿಕೆ. ಮಂಚ ಎಲ್ಲಾದ್ರೂ ತುರುಕ್ತೀನಿ, ಪುಸ್ತಕ ವಾಪಸ್ ಕೊಟ್ಬಿಡಿ."

"ಮತ್ತೆ ಅವತ್ತು ಅಷ್ಟೊಂದು ಅಳ್ತಿದ್ರಿ?" ಅಂದ ತಮ್ಮ.

"ಅಳು ಎಲ್ಲಿಯದು? ನಂಗೆ ಧೂಳು ಆಗಲ್ಲ. ಪುಸ್ತಕ ಎಲ್ಲ ಹಾಗೇ ಇದೆ ತಾನೇ? ನಿಮ್ಮಂಗ್ಡೀಲಿ ಯಾವುದೂ ಬೇಗ ಹೋಗಲ್ಲ ಅಂತ ಕೇಳಿದ್ದೆ."

"ಹಾಗೇ ಇದೆ ಹಾಗೇ ಇದೆ," ಅಂದ ತಮ್ಮ. "ಚಿಂತೆ ಮಾಡ್ಬೇಡಿ. ಶ್ರದ್ಧಾಂಜಲಿ ಸಭೆ ಮುಂದಕ್ಕೆ ಹಾಕಿದ್ರಾಯ್ತು."

"ಯಾರ ಶ್ರದ್ಧಾಂಜಲಿ?"

"ಬೇರೆಯವರದ್ದು!" ಎಂದು ನಾನು ಅವನನ್ನು ಎಳೆದುಕೊಂಡು ಬಂದೆ.

"ಈಗ್ಲೇ ಹೋಗಿ ಡಾಕ್ಟರಮ್ಮಂಗೆ ನಿಜ ಹೇಳ್ಬಿಡು," ಎಂದು ಅವನನ್ನು ಕ್ಲಿನಿಕ್ಕಿಗೆ ತಳ್ಳಿದೆ. ಹೋದ. ಅವನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ, "ನಿಮಗೆ ಹಿತ್ತಾಳೆ ಬ್ಯಾಜ್ ಮಾಡಿಸಿದೀನಿ, ಸಭೇಲಿ ಹಾಕ್ತೀನಿ," ಅಂದರಂತೆ. ಆಮೇಲೆ ಇವನು ನಿಜ ಹೇಳಲು ಬಾಯಿ ತೆರೆದದ್ದೇ ತಡ, ಅವರು ಒಳಗೆ ಕನ್ನಡಿ ತೂರಿಸಿಬಿಟ್ಟರು. ನನ್ನ ತಮ್ಮ ನಿಜವನ್ನು ಹಾಗೇ ನುಂಗಿಕೊಂಡು, ಹಲ್ಲು ತೊಳೆಸಿಕೊಂಡು ಮನೆಗೆ ಬಂದ.

ಇನ್ನು ಉಳಿದ ದಾರಿ ಒಂದೇ. ಭಾನುವಾರದೊಳಗೆ ಊರೆಲ್ಲ ತಿರುಗಿ ಪುಸ್ತಕ ವಾಪಸು ತರಬೇಕು. ಮೇಷ್ಟ್ರು ಬದುಕಿದ್ದಾರೆ ಎಂದು ಮಾತ್ರ ಹೇಳುವ ಹಾಗಿಲ್ಲ. ಮೊದಲು ಕ್ಷೌರದ ಅಂಗಡಿಗೆ ಹೋದೆವು. ಒಬ್ಬ ಗಿರಾಕಿ ಅರ್ಧ ಗಡ್ಡ ಬೋಳಿಸಿಕೊಂಡು ಕಥೆ ಕೇಳುತ್ತಾ ಕೂತಿದ್ದ.

"ಆ ಪುಸ್ತಕ ಕೊಡಪ್ಪಾ, ಅದಕ್ಕೆ ಗೆದ್ದಲು ಹಿಡ್ದಿದೆ," ಅಂದ ತಮ್ಮ.

"ಹಿಡೀಲಿ ಬಿಡಿ. ಗೆದ್ದಲು ಎಷ್ಟು ತಿನ್ನತ್ತೆ? ಅದಕ್ಕಿಂತ ಬೇಗ ನಾನು ಓದ್ತೀನಿ."

"ಗೆದ್ದಲಲ್ಲ... ಅದು..." ತಮ್ಮನ ಹಣೆಯಲ್ಲಿ ಬೆವರು. "ಅದಕ್ಕೆ ಮೇಷ್ಟ್ರ ರೋಗ ಅಂಟಿದೆ!"

"ಏನು ರೋಗ?"

"ಇನ್ನೂ ಹೆಸರಿಟ್ಟಿಲ್ಲ. ಹೊಸದು."

ಅರ್ಧ ಗಡ್ಡದ ಗಿರಾಕಿ ಎದ್ದು ಓಡಿದ. ಅವನ ಜೊತೆಗೇ ಸುದ್ದಿಯೂ ಓಡಿತು. ನಾವು ಮುಂದಿನ ಬೀದಿ ಮುಟ್ಟುವ ಹೊತ್ತಿಗೆ ಆ ರೋಗಕ್ಕೆ ಮೈಮೇಲೆ ಕೆಂಪು ಗೀರು ಬಂದಿತ್ತು. ಅದರ ಮುಂದಿನ ಬೀದಿಯಲ್ಲಿ ಇಬ್ಬರಿಗೆ ಆಗಲೇ ಅಂಟಿತ್ತು! ನಮ್ಮ ಮಹಡಿ ಮನೆಯಾಕೆ ಪುಸ್ತಕವನ್ನು ಚಿಮಟದಲ್ಲಿ ಹಿಡಿದು ಬಕೆಟ್ಟಿನಡಿ ಬೋರಲು ಹಾಕಿ, ಬಕೆಟ್ಟಿನ ಮೇಲೆ ರುಬ್ಬುವ ಕಲ್ಲು ಹೇರಿದ್ದಳು.

"ಕೊಡಮ್ಮಾ, ತಗೊಂಡು ಹೋಗ್ತೀವಿ," ಅಂದೆ.

"ಅಯ್ಯೋ ದೂರ ನಿಂತ್ಕೊಳ್ಳಿ! ನೀವೇ ಮೊದಲು ಮುಟ್ಟಿರೋರು!"

ಶನಿವಾರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬಂದೇಬಿಟ್ಟರು. ಮೂಗಿಗೆ ಬಟ್ಟೆ, ಕೈಯಲ್ಲಿ ಔಷಧಿ ಸಿಂಪಡಿಸುವ ಪಂಪು. ಕಪಾಟಿಗೆ, ಚೀಟಿಗೆ, ನನಗೆ, ತಮ್ಮನಿಗೆ ಸಮನಾಗಿ ಹೊಡೆದರು.

"ಯಾವ ಪುಸ್ತಕ ಎಲ್ಲಿದ್ಯೋ ಅಲ್ಲೇ ಇರ್ಬೇಕು. ಒಂದಿಂಚು ಅಲುಗಾಡಿಸಿದ್ರೆ ಕ್ರಮ ತಗೋತೀನಿ. ರೋಗದ ಲಕ್ಷಣ ಏನು?"

"ಸಾರ್, ನಂಗೆ ಹೊಟ್ಟೆ ತೊಳಸ್ತಿದೆ. ಎದೆ ಡವಡವ ಅಂತಿದೆ. ನಿದ್ದೆ ಬರಲ್ಲ," ಅಂದ ತಮ್ಮ. ಪಾಪ, ತನ್ನ ಭಯವನ್ನು ಹೇಳಿಕೊಂಡ. ಇನ್‌ಸ್ಪೆಕ್ಟರು ಇನ್ನೊಂದು ಸಲ ಪಂಪು ಹೊಡೆದು, "ಆಸ್ಪತ್ರೇಲೇ ವಿಚಾರಿಸ್ತೀನಿ," ಎಂದು ಹೊರಟರು.

ತಮ್ಮ ನೆಲಕ್ಕೆ ಕುಸಿದ. "ಅಕ್ಕಾ, ಬ್ಯಾಜ್ ಹೋದ್ರೆ ಹೋಗ್ಲಿ. ಮೇಷ್ಟ್ರು ನಾಳೆ ಮನೆಗೆ ಹೋಗಿ ಖಾಲಿ ಗೋಡೆ ನೋಡ್ತಾರಲ್ಲ, ಅದೇ ಕಣ್ಣಿಗೆ ಕಟ್ತಿದೆ."

ಅವನ ಬಾಯಲ್ಲಿ ಅಂಥ ಮಾತು ನಾನು ಅದೇ ಮೊದಲು ಕೇಳಿದ್ದು. ಬೈಯಬೇಕೆಂದಿದ್ದವಳು ಕೈ ಹಿಡಿದು ಎಬ್ಬಿಸಿದೆ.

ಭಾನುವಾರ ಸಭೆಗೆ ಅಂಗಡಿ ತುಂಬಿ ಹೊರಗೂ ಜನ. ರೋಗಕ್ಕೆ ಹೆದರಿ ಎಲ್ಲರ ಮೂಗಿಗೂ ಕರವಸ್ತ್ರ. ದುಃಖ ಯಾರದು, ಭಯ ಯಾರದು ತಿಳಿಯುವ ಹಾಗಿರಲಿಲ್ಲ. ಡಾಕ್ಟರಮ್ಮ ಎದ್ದು ನಿಂತು, "ಈಗ ನಮ್ಮ ಕಪಾಟು ಮೇಲ್ವಿಚಾರಕರು ಮಾತಾಡ್ತಾರೆ," ಅಂದರು. ತಮ್ಮ ಎದ್ದ.

"ಮೇಷ್ಟ್ರು... ಮೇಷ್ಟ್ರು ನಮ್ಮನ್ನು ಬಿಟ್ಟು..." ಅಂದವನು ನನ್ನ ಕಡೆ ನೋಡಿದ. "ಬಿಟ್ಟು ಹೋಗಿಲ್ಲ. ಅವರು..."

"ಹೌದು, ನಮ್ಮ ಮನಸ್ಸಲ್ಲಿ ಸದಾ ಇದಾರೆ," ಎಂದು ಡಾಕ್ಟರಮ್ಮ ಕಣ್ಣೊರೆಸಿಕೊಂಡರು.

"ಮನಸ್ಸಲ್ಲಲ್ಲ ಡಾಕ್ಟ್ರೇ, ಮೂಳೆ ವಾರ್ಡಲ್ಲಿ!"

ಯಾರಿಗೂ ಏನೂ ಅರ್ಥವಾಗುವ ಮೊದಲೇ ಬಾಗಿಲಲ್ಲಿ ಕಿರ್ ಕಿರ್ ಸದ್ದಾಯಿತು. ಗಾಲಿಕುರ್ಚಿ. ಅದರಲ್ಲಿ ಹೊಸ ಕನ್ನಡಕ ಹಾಕಿಕೊಂಡ ಹೆಡ್‌ಮೇಷ್ಟ್ರು. ಹಿಂದೆ ಕುರ್ಚಿ ತಳ್ಳುತ್ತಾ ಸೀನುತ್ತಿರುವ ಸೊಸೆ. ಪಕ್ಕದಲ್ಲಿ ಮುಖ ಸಣ್ಣಗೆ ಮಾಡಿಕೊಂಡ ಇನ್‌ಸ್ಪೆಕ್ಟರು. ಆಗಿದ್ದು ಇಷ್ಟು: ಆ ಪುಣ್ಯಾತ್ಮ ವಾರ್ಡಿಗೆ ಹೋಗಿ, ಓದಿಕೊಂಡವರ ಹಾಗೆ ಕಂಡ ಒಬ್ಬ ರೋಗಿಯನ್ನು ಹುಡುಕಿ, "ಇಲ್ಲಿದ್ದ ಹೆಡ್‌ಮೇಷ್ಟ್ರು ಯಾವ ಕಾಯಿಲೇಲಿ ಸತ್ರು?" ಎಂದು ಆ ಹೆಡ್‌ಮೇಷ್ಟ್ರನ್ನೇ ಕೇಳಿದ್ದರು.

ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ಭೂತಕ್ಕೆ ಹೆದರಿ ಅಲ್ಲ. ಮೇಷ್ಟ್ರು ಒಳಗೆ ಬಂದರೆ ಎದ್ದು ನಿಲ್ಲುವುದು ಕಾಲಿಗೆ ಅಭ್ಯಾಸ.

ಕುರ್ಚಿ ಸೀದಾ ಕಪಾಟಿನ ಮುಂದೆ ಹೋಗಿ ನಿಂತಿತು. ಖಾಲಿ ಹಲಗೆಗಳನ್ನು ಮೇಷ್ಟ್ರು ನೋಡಿದರು. ತುಂಬ ಹೊತ್ತು ನೋಡಿದರು. ಕೈ ಚಾಚಿ ಹಲಗೆಯ ಮೇಲೆ ಬೆರಳಾಡಿಸಿದರು.

"ಎಲ್ಲ ಹೋಯ್ತಾ?" ಅಂದರು.

"ಜನ ತಗೊಂಡ್ರು ಸಾರ್," ಅಂದ ಕ್ಷೌರದವನು. "ನಿಮ್ಮ ಕೆಂಪು ಶಾಯಿ ಓದೋಕೆ."

"ಓದಿದ್ರಾ? ನಾನು ಬರ್ದಿದ್ದನ್ನ?" ಮೇಷ್ಟ್ರ ಮೀಸೆ ಸ್ವಲ್ಪ ಅಲುಗಿತು. ಆಮೇಲೆ ಕುರ್ಚಿಯನ್ನು ಜನರ ಕಡೆ ತಿರುಗಿಸಿದರು. "ಬಹಳ ಸಂತೋಷ. ಪುಸ್ತಕ ನೀವೇ ಇಟ್ಕೊಳ್ಳಿ. ಸಂಜೆ ಒಬ್ಬೊಬ್ಬರಾಗಿ ಬಂದು ಇಲ್ಲಿ ನಿಂತ್ಕೊಳ್ಳಿ. ಓದಿದ್ದರಲ್ಲಿ ನಾಲ್ಕೇ ನಾಲ್ಕು ಪ್ರಶ್ನೆ ಕೇಳ್ತೀನಿ."

ಅಷ್ಟೇ! ರೋಗದ ಭಯ ಎಲ್ಲಿ ಹೋಯಿತೋ, ಇನ್‌ಸ್ಪೆಕ್ಟರ ಆಜ್ಞೆ ಎಲ್ಲಿ ಹೋಯಿತೋ. ಊರಿಗೆ ಊರೇ ಮನೆಗೆ ಓಡಿತು. ಪುಸ್ತಕ ತಂದು ಕಪಾಟಿಗೆ ಸುರಿಯುವವರ ನೂಕುನುಗ್ಗಲಲ್ಲಿ ನನ್ನ ಒಂದು ಚಪ್ಪಲಿ ಹೋದದ್ದು ಇವತ್ತಿನವರೆಗೂ ಸಿಕ್ಕಿಲ್ಲ. ಮಹಡಿ ಮನೆಯಾಕೆ ಬಕೆಟ್ಟಿನ ಸಮೇತ ಬಂದಳು. ನಾವು ಊರೆಲ್ಲ ಅಲೆದರೂ ಸಿಗದಿದ್ದ ಪುಸ್ತಕಗಳು ಒಂದು ಲೋಟ ಟೀ ಆರುವಷ್ಟರಲ್ಲಿ ಒಳಗೆ ಬಂದು ಕೂತಿದ್ದವು. ಕ್ಷೌರದವನೊಬ್ಬ ಮಾತ್ರ ಪುಸ್ತಕ ಎದೆಗವಚಿಕೊಂಡು, "ನಾನು ಓದಿದೀನಿ ಸಾರ್, ಕೇಳಿ," ಎಂದು ನಿಂತ. ಮೇಷ್ಟ್ರು ಕೇಳಿದರು. ಅವನು ಹೇಳಿದ. ಮೂವತ್ನಾಲ್ಕು ಕೊಟ್ಟು ಕಳಿಸಿದರು.

ಆಗ ಅವರ ಕಣ್ಣು ಚೀಟಿಯ ಮೇಲೆ ಬಿತ್ತು. ಜೇಬಿನಿಂದ ಕೆಂಪು ಪೆನ್ನು ಹೊರಗೆ ಬಂತು. 'ಶಾಂತ ಸ್ವಭಾವದವರು' ಎಂಬುದನ್ನು ಹೊಡೆದುಹಾಕಿದರು. 'ಮಕ್ಕಳ ಮೇಲೆ ಕೈ ಎತ್ತಿದವರಲ್ಲ' ಹೊಡೆದುಹಾಕಿದರು. 'ನೆನಪಿಗೆ' ಎಂಬುದನ್ನಂತೂ ಎರಡು ಸಲ ಹೊಡೆದರು. ಆಮೇಲೆ ಫೋಟೋವನ್ನು ಕನ್ನಡಕದ ಹತ್ತಿರ ಹಿಡಿದರು.

"ಈ ಕಿವಿ ಯಾರದು?"

ಇಡೀ ಅಂಗಡಿ ನನ್ನ ತಮ್ಮನ ಕಡೆ ತಿರುಗಿತು. ಅವನು ಇದ್ದ ಜಾಗದಲ್ಲಿ ಇರಲಿಲ್ಲ. ಆದರೆ ನಾನು ಮೊದಲೇ ಹೇಳಿದೆನಲ್ಲ, ಅಂಥ ಕಿವಿಗಳನ್ನು ಇಟ್ಟುಕೊಂಡು ಮನುಷ್ಯ ಕಪಾಟಿನ ಹಿಂದೆ ಬಚ್ಚಿಟ್ಟುಕೊಳ್ಳಲಾರ. ಎರಡೂ ಕಡೆ ಹೊರಗೆ ಕಾಣುತ್ತಿದ್ದವು.

"ನಂದು ಸಾರ್," ಎಂದು ಹೊರಗೆ ಬಂದ. ಬ್ಯಾಜನ್ನು ತಾನೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. "ನಿಮ್ಮನ್ನು ಸಾಯಿಸಿದ್ದೂ ನಾನೇ. ರೋಗ ಅಂಟಿಸಿದ್ದೂ ನಾನೇ. ಡಾಕ್ಟ್ರೇ, ತಗೊಳ್ಳಿ."

ಡಾಕ್ಟರಮ್ಮ ಬ್ಯಾಜಿಗೆ ಕೈ ಚಾಚಿದರು. ಮೇಷ್ಟ್ರು ಪೆನ್ನು ಅಡ್ಡ ಹಿಡಿದರು.

"ಇರ್ಲಿ ಬಿಡಿ. ನಮ್ಮನೇಲಿ ಕಪಾಟಿಗೆ ಜಾಗ ಇಲ್ಲವಂತೆ, ಸೊಸೆ ದಾರೀಲಿ ಹೇಳಿದ್ಲು. ಪುಸ್ತಕ ಇಲ್ಲೇ ಇರ್ಲಿ, ನಾನು ದಿನಾ ಬರ್ತೀನಿ. ಇವನನ್ನ ನಾನು ನೋಡ್ಕೋತೀನಿ."

ಸೊಸೆ ಇನ್ನೊಂದು ಸೀನು ಸೀನಿದಳು. ಆ ಸಲ ನಿಜಕ್ಕೂ ಅಳುತ್ತಿದ್ದಳೋ ಏನೋ, ನಮ್ಮ ಪದ್ಧತಿಯಂತೆ ನಾನು ಕೇಳಲಿಲ್ಲ.

ಚೀಟಿಯಲ್ಲಿ ಈಗ ಉಳಿದದ್ದು 'ಪ್ರೀತಿಯ ಮೇಷ್ಟ್ರ' ಎಂಬ ಎರಡೇ ಪದ. ಮೇಷ್ಟ್ರ ಪೆನ್ನು ಮೊದಲ ಪದದ ಮೇಲೆ ಹೋಗಿ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

"ಏನೋ ಕಿವಿ, ಇದು ಸರಿಯಾ?"

ತಮ್ಮ ಚೀಟಿಯ ಕಡೆ ಬಗ್ಗಿದ. "ಮಾರ್ಕ್ಸ್ ನೋಡಿ ಹೇಳ್ತೀನಿ ಸಾರ್."

ಎಲ್ಲಿಂದ ಬಂತೋ ಅವನಿಗೆ ಆ ಮಾತು! ಸತ್ತೆವು ಅಂದುಕೊಂಡೆ. ಮೇಷ್ಟ್ರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು ಕುಲುಕಿತು. ಊರಿನವರು ಯಾರೂ ಕಂಡಿರದ ಅವರ ಹಲ್ಲುಗಳು ಕಂಡವು. ಡಾಕ್ಟರಮ್ಮ ಅಭ್ಯಾಸಬಲದಿಂದ ಬಗ್ಗಿ ನೋಡಿದರು. ನಗು ಮುಗಿಸಿ, ಮೇಷ್ಟ್ರು ಚೀಟಿಯ ಮೂಲೆಯಲ್ಲಿ ಏನೋ ಗೀಚಿ ತಮ್ಮನ ಕೈಗೆ ಕೊಟ್ಟರು.

ನೂರಕ್ಕೆ ಮೂವತ್ತೈದು.

ಡಾಕ್ಟರಮ್ಮ ಆಮೇಲೆ ಕೊಟ್ಟ ಹಿತ್ತಾಳೆ ಬ್ಯಾಜನ್ನು ಅವನೀಗ ಎಲ್ಲಿಟ್ಟಿದ್ದಾನೋ ಅವನಿಗೇ ಗೊತ್ತಿಲ್ಲ. ಆ ಚೀಟಿಯನ್ನು ಮಾತ್ರ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ, ಮನೆಗೆ ಬಂದವರಿಗೆ ಟೀ ಕೊಡುವ ಮೊದಲು ಅದನ್ನು ತೋರಿಸುತ್ತಾನೆ. ತೋರಿಸಲಿ ಬಿಡಿ. ಸತ್ತ ಮೇಷ್ಟ್ರ ಕೈಯಲ್ಲಿ ಪಾಸಾದವನು ಲೋಕದಲ್ಲಿ ನನ್ನ ತಮ್ಮನೊಬ್ಬನೇ.